ನುಡಿಯ ಧಾಟಿಯೂ ಉದ್ಯೋಗದ ಬಾಗಿಲೂ

ಅರಸೀಕೆರೆಯ ರೈಲು ನಿಲ್ದಾಣದಲ್ಲಿ ಬೆಳಗಿನ ಹೊತ್ತು ನಿಂತು ನೋಡುವವರಿಗೆ ಒಂದು ದೃಶ್ಯವು ಚಿರಪರಿಚಿತವಾದುದು. ಬೇಲೂರು, ಹಳೇಬೀಡು, ಜಾವಗಲ್ಲುಗಳ ಕಡೆಯಿಂದ ಬಸ್ಸಿನಲ್ಲಿ ಬಂದಿಳಿದ ತರುಣಿಯರು ಪ್ರಮಾಣಪತ್ರಗಳ ಚೀಲವನ್ನು ಎದೆಗವಚಿಕೊಂಡು ಬೆಂಗಳೂರಿನ ಗಾಡಿಗಾಗಿ ಕಾದಿರುತ್ತಾರೆ. ಜೊತೆಯಲ್ಲಿ ತಂದೆಯೋ ಅಣ್ಣನೋ ಇರುವುದುಂಟು. ಅವರು ಹೊರಟಿರುವುದು ಉದ್ಯೋಗದ ಸಂದರ್ಶನಕ್ಕೆ. ಅವರಲ್ಲಿ ನಮ್ಮ ಶಾಲೆಯಲ್ಲಿ ಓದಿದವರೂ ಇರುವರೆಂಬುದು ನಮಗೆಲ್ಲ ಸಂತೋಷದ ಸಂಗತಿಯೇ ಸರಿ. ಆದರೆ ಅದೇ ದಿನ ಸಾಯಂಕಾಲದ ಗಾಡಿಯಲ್ಲಿ ಅವರು ಯಾವ ಮುಖವನ್ನು ಹೊತ್ತು ಹಿಂದಿರುಗುವರೆಂಬುದನ್ನೂ ನಾವು ವಿಚಾರಿಸಬೇಕಾಗಿದೆ.

ಕೆಲವು ವರ್ಷಗಳ ಕೆಳಗೆ ಅಂತಹವರಲ್ಲೊಬ್ಬಳು, ಜಾವಗಲ್ಲಿಗೆ ಸಮೀಪದ ಹಳ್ಳಿಯವಳು, ಬಿ.ಕಾಂ. ಪರೀಕ್ಷೆಯಲ್ಲಿ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾದವಳು, ಬೆಂಗಳೂರಿನ ಒಂದು ಸಂಸ್ಥೆಯ ಲೆಕ್ಕಪತ್ರದ ಕೆಲಸಕ್ಕೆ ಸಂದರ್ಶನಕ್ಕಾಗಿ ಹೋಗಿದ್ದಳು. ಬರವಣಿಗೆಯ ಪರೀಕ್ಷೆಯಲ್ಲಿ ಕೊಟ್ಟಿದ್ದ ಲೆಕ್ಕವನ್ನು ತಪ್ಪಿಲ್ಲದೆ ಸರಿದೂಗಿಸಿದಳು. ಬಳಿಕ ಇಂಗ್ಲಿಷಿನಲ್ಲಿ ಅವಳ ವಿದ್ಯಾಭ್ಯಾಸದ ವಿಷಯವನ್ನು ಕೇಳಿದರು. ಉತ್ತರದಲ್ಲಿ ಅವಳ ಬಾಯಿಂದ ‘ಇಸ್ಕೂಲು’ ಎಂಬ ಮಾತು ಬಂದಿತು. ಕುಳಿತಿದ್ದವರಲ್ಲೊಬ್ಬರು ಆ ಮಾತನ್ನು ಪಕ್ಕದವರಿಗೆ ಮೆಲ್ಲನೆ ಹೇಳಿ ನಕ್ಕರು. ಅನಂತರ ಲೆಕ್ಕದ ವಿಷಯವಾಗಿ ಒಂದು ಪ್ರಶ್ನೆಯೂ ಬರಲಿಲ್ಲ. ಹುಡುಗಿಯು ಊರಿಗೆ ಬಂದು ಒಂದೂವರೆ ವರ್ಷ ಮತ್ತೆಲ್ಲಿಗೂ ಅರ್ಜಿಯನ್ನು ಹಾಕಲಿಲ್ಲ. ಆಗ ಅವಳ ತಂದೆಯು ಈ ಲೇಖಕಿಯ ಮನೆಗೆ ಬಂದು, ಜಗುಲಿಯ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಕಡೆಗೆ, “ಟೀಚರಮ್ಮಾ, ಮಗಳ್ನ ಕನ್ನಡದಲ್ಲಿ ಓದ್ಸಿ ತಪ್ಪು ಮಾಡ್ಬುಟ್ವಾ?” ಎಂದು ಕೇಳಿದರು.

ಆ ಪ್ರಶ್ನೆಗೆ ಅಂದು ತಕ್ಕ ಉತ್ತರವು ತೋಚಲಿಲ್ಲ. ಇದು ಒಬ್ಬ ತಂದೆಯ ಪ್ರಶ್ನೆ ಮಾತ್ರವಲ್ಲವಾದ ಕಾರಣ, ಆ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸಿದೆ.

ಮೊದಲು ನುಡಿಯ ಧಾಟಿಯೆಂದರೇನೆಂಬುದನ್ನು ತಿಳಿಯೋಣ. ಮಗುವು ತಾಯಿಯ ತೊಡೆಯ ಮೇಲೆ ಕಲಿತ ಭಾಷೆಯು ಅದರ ನಾಲಗೆಗೆ ಕೆಲವು ದಾರಿಗಳನ್ನು ಮಾಡಿಕೊಡುವುದು. ದೊಡ್ಡವರಾದ ಮೇಲೆ ಕಲಿತ ಭಾಷೆಯೂ ಆ ದಾರಿಗಳಲ್ಲಿಯೇ ನಡೆಯಲು ಹವಣಿಸುವುದು. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುವುವು. ಆದುದರಿಂದಲೇ ನಾವು ಇಂಗ್ಲಿಷಿನ ಪದಗಳ ಕೊನೆಗೂ ಸ್ವರವನ್ನು ಸೇರಿಸಿ ಬಸ್ಸು, ಕಾರು, ರೈಲು ಎನ್ನುವೆವು. ಪದದ ಮೊದಲಿನಲ್ಲಿ ‘ಸ್ಕ’, ‘ಸ್ಟ’ಗಳಂತಹ ಒತ್ತಕ್ಷರಗಳು ಬಂದರೆ ಹಳ್ಳಿಯ ನಾಲಗೆಯು ಮುಂದೆ ಒಂದು ಇಕಾರವನ್ನಿಟ್ಟು ದಾರಿಯನ್ನು ಸುಗಮ ಮಾಡಿಕೊಳ್ಳುವುದು, ‘ಇಸ್ಕೂಲು’, ‘ಇಸ್ಟೇಷನ್ನು’ಗಳು ಹುಟ್ಟಿದ್ದು ಹೀಗೆ. ನಮ್ಮ ಸೀಮೆಯ ಅನೇಕರ ಬಾಯಲ್ಲಿ ಹಕಾರವು ಅಡಗಿ, ಹಾಸನವೇ ‘ಆಸನ’ವಾಗುವುದು. ‘ಫೋನು’ ಎಂಬುದು ‘ಪೋನು’ ಆಗುವುದು.

ಇದಲ್ಲದೆ ಮತ್ತೊಂದು ಭೇದವುಂಟು. ಇಂಗ್ಲಿಷಿನಲ್ಲಿ ಪ್ರತಿಯೊಂದು ಪದದ ಒಂದು ಅಕ್ಷರಗುಂಪಿನ ಮೇಲೆ ಬಲವು ಹೆಚ್ಚಾಗಿ ಬೀಳುವುದು; ಉಳಿದವು ತಗ್ಗುವುವು. ‘ಹೋಟೆಲ್’ ಎಂಬಲ್ಲಿ ಬಲವು ಎರಡನೆಯದರ ಮೇಲೆ, ‘ಕಮಿಟಿ’ ಎಂಬಲ್ಲಿ ನಡುವಿನದರ ಮೇಲೆ. ನಮ್ಮ ಭಾಷೆಯಲ್ಲಾದರೋ ಪದದ ಎಲ್ಲ ಅಕ್ಷರಗಳೂ ಸಾಲಾಗಿ ಕುಳಿತ ಮಕ್ಕಳಂತೆ ಹೆಚ್ಚುಕಡಮೆ ಸಮನಾದ ಬಲವನ್ನು ಪಡೆಯುವುವು. ಈ ನಡಿಗೆಯನ್ನು ನಾವು ಇಂಗ್ಲಿಷಿಗೂ ಕೊಂಡೊಯ್ಯುತ್ತೇವೆ. ಇವುಗಳಲ್ಲಿ ಯಾವುದೂ ಬುದ್ಧಿಯ ಕೊರತೆಯಲ್ಲ. ಒಂದು ಭಾಷೆಯ ಕ್ರಮವು ಮತ್ತೊಂದರಲ್ಲಿ ಕೇಳಿಬರುವುದೇ ಧಾಟಿ.

ಹಾಗಾದರೆ ಶುದ್ಧವಾದ ಉಚ್ಚಾರಣೆಯೆಂಬುದು ಎಂದೆಂದಿಗೂ ಒಂದೇ ಆಗಿ ನಿಂತಿರುವುದೇ? ಇದಕ್ಕೆ ಸಾಕ್ಷಿಯು ನಮ್ಮ ಬೇಲೂರು ತಾಲ್ಲೂಕಿನಲ್ಲಿಯೇ ಇದೆ. ಹಲ್ಮಿಡಿ ಗ್ರಾಮದ ಶಾಸನವನ್ನು ಡಾಕ್ಟರ್ ಎಂ. ಎಚ್. ಕೃಷ್ಣ ಅವರು ೧೯೩೬ರಲ್ಲಿ ಬೆಳಕಿಗೆ ತಂದರು. ಅದು ಕ್ರಿಸ್ತಶಕ ಸುಮಾರು ೪೫೦ರದೆಂದು ವಿದ್ವಾಂಸರು ಎಣಿಸಿರುವರು. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಅದಕ್ಕೆ ಮೊದಲ ಸಾಲಿನ ಸ್ಥಾನವು ಸಂದಿದೆ. ಆ ಶಾಸನದಲ್ಲಿ ಊರಿನ ಹೆಸರು ಪಕಾರದಿಂದ ಮೊದಲಾಗುವುದು. ಮುಂದಿನ ಶತಮಾನಗಳಲ್ಲಿ ಕನ್ನಡದ ಪದಗಳ ಆದಿಯ ಪಕಾರವು ಹಕಾರವಾಯಿತು. ಪಾಲು ಹಾಲಾಯಿತು, ಪೂವು ಹೂವಾಯಿತು, ಆ ಊರು ಹಲ್ಮಿಡಿಯಾಯಿತು. ಇಂದು ಆ ಕಡೆಯ ರೈತನು ಹಕಾರವನ್ನೂ ಬಿಟ್ಟು ‘ಅಲ್ಮಿಡಿ’ ಎಂದರೆ, ಹಕಾರವನ್ನು ನುಡಿಯಬಲ್ಲ ನಾವು ನಗುವೆವು. ಆದರೆ ಆ ಶಾಸನವನ್ನು ಕಡೆದವನು ಎದ್ದು ಬಂದು ನಮ್ಮ ಮಾತನ್ನು ಕೇಳಿದರೆ, ಪಕಾರವನ್ನು ಕಳೆದುಕೊಂಡವರೆಂದು ನಮ್ಮನ್ನು ಕಂಡು ನಗಲಾರನೇ? ಒಂದು ಕಾಲದ ತಪ್ಪು ಮತ್ತೊಂದು ಕಾಲದ ಶುದ್ಧಿಯಾಗುವುದೆಂಬುದನ್ನು ನಮ್ಮ ನೆಲದ ಕಲ್ಲೇ ಹೇಳುತ್ತಿದೆ.

ಹೀಗಿದ್ದರೂ ಕೇಳುವವರ ಮನಸ್ಸಿನಲ್ಲಿ ಧಾಟಿಯು ಏತಕ್ಕೆ ಇಷ್ಟೊಂದು ತೂಕವನ್ನು ಪಡೆಯುವುದು? ಇದು ಬಹು ಹಳೆಯ ರೋಗ. ಸತ್ಯವೇದದ ನ್ಯಾಯಸ್ಥಾಪಕರ ಗ್ರಂಥವನ್ನು ಶಾಲೆಯಲ್ಲಿ ಓದಿದವರು ಯೊರ್ದನ್ ಹೊಳೆಯ ಕಡವಿನ ಕಥೆಯನ್ನು ಮರೆತಿರಲಾರರು. ಹೊಳೆಯನ್ನು ದಾಟಲು ಬಂದವರಿಗೆ ಗಿಲ್ಯಾದಿನವರು ಒಂದೇ ಪದವನ್ನು ಹೇಳಿಸಿದರು. ‘ಶಿಬ್ಬೋಲೆತ್’ ಎಂಬುದರ ಶಕಾರವನ್ನು ಸಕಾರವಾಗಿ ನುಡಿದವನು ಎಫ್ರಾಯೀಮಿನವನೆಂದು ತಿಳಿದು ಅವನನ್ನು ಕೊಂದರು. ಹಾಗೆ ಸತ್ತವರು ೪೨,೦೦೦ ಮಂದಿಯೆಂದು ಅಲ್ಲಿ ಬರೆದಿದೆ. ಮಹಾಯಾಜಕನ ಅಂಗಳದಲ್ಲಿ ಪೇತ್ರನು ಗಲಿಲಾಯದವನೆಂದು ಗುರುತಿಗೆ ಸಿಕ್ಕಿದ್ದೂ ಮಾತಿನ ಧಾಟಿಯಿಂದಲೇ. ಇಂದು ಕತ್ತಿಯಿಲ್ಲ, ಕಡವೂ ಇಲ್ಲ; ಆದರೆ ಒಂದೇ ಪದದಿಂದ ಮನುಷ್ಯನನ್ನು ಅಳೆದು ಆಚೆಗೆ ನೂಕುವ ಅಭ್ಯಾಸವು ಇನ್ನೂ ಉಳಿದಿದೆ.

ಈ ಅಭ್ಯಾಸದ ಮೂಲವನ್ನು ನಮ್ಮ ಕಾಲದ ಮನಶ್ಶಾಸ್ತ್ರಜ್ಞರು ಪರೀಕ್ಷಿಸಿದ್ದಾರೆ. ೨೦೧೦ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದ ಲೆವ್-ಆರಿ ಮತ್ತು ಕೇಸರ್ ಎಂಬವರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಂಗ್ಲಿಷನ್ನು ಮಾತೃಭಾಷೆಯಾಗಿ ಉಳ್ಳವರ ಮುಂದೆ ಕೆಲವು ಸಾಮಾನ್ಯಜ್ಞಾನದ ವಾಕ್ಯಗಳನ್ನು ಹಲವರಿಂದ ಓದಿಸಿ, ಅವು ಸತ್ಯವೋ ಅಸತ್ಯವೋ ಎಂದು ಕೇಳಲಾಯಿತು. ಓದುವವರು ತಮ್ಮ ಸ್ವಂತ ಮಾತನ್ನಾಡುತ್ತಿಲ್ಲ, ಬರೆದುಕೊಟ್ಟುದನ್ನು ಓದುತ್ತಿರುವರೆಂಬುದು ಕೇಳುವವರಿಗೆ ತಿಳಿದೇ ಇದ್ದಿತು. ಆದರೂ ಪರಭಾಷೆಯ ಧಾಟಿಯಲ್ಲಿ ಓದಿದ ವಾಕ್ಯಗಳನ್ನು ಅವರು ಕಡಮೆ ನಂಬಿದರು. ಅಪರಿಚಿತ ಧಾಟಿಯನ್ನು ಗ್ರಹಿಸಲು ಕಿವಿಗೆ ತುಸು ಶ್ರಮವಾಗುವುದು. ಆ ಶ್ರಮವನ್ನು ಮನಸ್ಸು ತನಗರಿಯದಂತೆಯೇ ಸಂಶಯವೆಂದು ಎಣಿಸಿಬಿಡುವುದೆಂದು ಅವರು ವಿವರಿಸಿದರು. ತನ್ನ ಕಿವಿಯ ಆಯಾಸವನ್ನು ಆಡಿದವಳ ಅಯೋಗ್ಯತೆಯೆಂದು ತಿಳಿಯುವುದು ಎಷ್ಟು ಸುಲಭವೆಂಬುದು ಇದರಿಂದ ವ್ಯಕ್ತವಾಗುವುದು.

ಇನ್ನೂ ಆಶ್ಚರ್ಯಕರವಾದುದು ಅಮೆರಿಕೆಯ ರೂಬಿನ್ ಎಂಬವರು ೧೯೯೨ರಲ್ಲಿ ಪ್ರಕಟಿಸಿದ ಪ್ರಯೋಗ. ಅಮೆರಿಕೆಯ ಮಹಿಳೆಯೊಬ್ಬಳ ಧ್ವನಿಮುದ್ರಿತ ಉಪನ್ಯಾಸವನ್ನು ವಿದ್ಯಾರ್ಥಿಗಳಿಗೆ ಕೇಳಿಸುವಾಗ, ಕೆಲವರ ಮುಂದೆ ಬಿಳಿಯ ಮಹಿಳೆಯ ಭಾವಚಿತ್ರವನ್ನೂ ಕೆಲವರ ಮುಂದೆ ಏಷ್ಯದ ಮಹಿಳೆಯ ಭಾವಚಿತ್ರವನ್ನೂ ಇಟ್ಟರು. ಧ್ವನಿಯು ಒಂದೇ ಆಗಿದ್ದರೂ, ಏಷ್ಯದ ಮುಖವನ್ನು ನೋಡಿದವರಿಗೆ ಉಪನ್ಯಾಸವು ಕಡಮೆ ಅರ್ಥವಾಯಿತು. ಇಲ್ಲದ ಧಾಟಿಯನ್ನು ಕಿವಿಯಲ್ಲ, ಕಣ್ಣು ಕೇಳಿತು! ಹೀಗಿರಲು ಹಳ್ಳಿಯ ಉಡುಪಿನವಳು ಬಾಯಿ ತೆರೆಯುವುದಕ್ಕೆ ಮುಂಚೆಯೇ ಅವಳ ಮಾತು ತಿಳಿಯದೆಂದು ನಿರ್ಧರಿಸುವವರು ಇರುವರೆಂದರೆ ಅದನ್ನು ಹುಡುಗಿಯರ ಭ್ರಮೆಯೆಂದು ತಳ್ಳಿಹಾಕಲಾಗದು.

ಆದರೆ ಸಮಾಧಾನಕರವಾದ ಸಂಗತಿಗಳೂ ಉಂಟು. ಕೆನಡಾ ದೇಶದ ಮನ್ರೋ ಮತ್ತು ಡರ್ವಿಂಗ್ ಎಂಬವರು ೧೯೯೫ರಲ್ಲಿ, ಧಾಟಿಯು ಬೇರೆ, ಅರ್ಥವಾಗುವಿಕೆಯು ಬೇರೆ ಎಂಬುದನ್ನು ತೋರಿಸಿಕೊಟ್ಟರು. ಧಾಟಿಯು ಬಹಳ ಗಾಢವೆಂದು ಕೇಳುವವರು ಹೇಳಿದ ಮಾತುಗಳನ್ನೇ ಅವರು ಒಂದಕ್ಷರವೂ ತಪ್ಪದಂತೆ ಬರೆದುಕೊಂಡ ಸಂದರ್ಭಗಳು ಅನೇಕವಾಗಿದ್ದುವು. ೨೦೦೪ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, ಅಪರಿಚಿತ ಧಾಟಿಗೆ ಕೇಳುವವರ ಕಿವಿಯು ಒಂದು ನಿಮಿಷದೊಳಗಾಗಿಯೇ ಹೊಂದಿಕೊಳ್ಳತೊಡಗುವುದೆಂದು ಕಂಡುಬಂದಿತು. ಇದರ ಪ್ರತ್ಯಕ್ಷ ನಿದರ್ಶನವನ್ನು ಬೇಲೂರಿನ ದೇವಾಲಯದ ಅಂಗಳದಲ್ಲಿ ನೋಡಬಹುದು. ಪ್ರವಾಸಿಗರಿಗೆ ಶಿಲ್ಪಗಳನ್ನು ತೋರಿಸುವ ನಮ್ಮವರ ಇಂಗ್ಲಿಷು ನಮ್ಮ ಸೀಮೆಯ ಧಾಟಿಯದೇ. ಅದರಿಂದ ಮದನಿಕೆಯರ ಸೊಬಗು ಯಾವ ವಿದೇಶೀಯನಿಗೂ ತಿಳಿಯದೆ ಹೋಗಿಲ್ಲ. ಮೊದಲನೆಯ ಕಂಬದ ಬಳಿಯಲ್ಲಿ ಹುಬ್ಬುಗಂಟಿಕ್ಕಿದವರು ಮೂರನೆಯ ಕಂಬದ ಬಳಿಯಲ್ಲಿ ತಲೆದೂಗುವರು.

ಆದುದರಿಂದ ಒಂದು ವಿವೇಚನೆಯು ಅತ್ಯಗತ್ಯ. ಸಂದರ್ಶನದಲ್ಲಿ ಮಾತಿನ ವಿಷಯವಾಗಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಭಾಷೆಯ ಜ್ಞಾನವು ಕೆಲಸಕ್ಕೆ ಬೇಕಾದಷ್ಟಿದೆಯೇ? ಆಡಿದ ಮಾತು ಕೇಳುವವರಿಗೆ ತಿಳಿಯುವುದೇ? ಧಾಟಿಯು ಯಾವ ಊರಿನದು? ಮೊದಲಿನ ಎರಡು ನ್ಯಾಯವಾದ ಪ್ರಶ್ನೆಗಳು. ಇಂಗ್ಲಿಷಿನಲ್ಲಿ ಪತ್ರವ್ಯವಹಾರ ಮಾಡತಕ್ಕವಳಿಗೆ ವ್ಯಾಕರಣವು ಬಾರದಿದ್ದರೆ ಅದು ಕೊರತೆಯೇ ಸರಿ. ಅದನ್ನು ಪಕ್ಷಪಾತವೆಂದು ದೂರಿ ಪ್ರಯೋಜನವಿಲ್ಲ. ದೂರವಾಣಿಯಲ್ಲಿ ರೋಗಿಗಳೊಡನೆ ಮಾತನಾಡತಕ್ಕವಳ ಮಾತು ಸ್ಪಷ್ಟವಾಗಿರಲೇಬೇಕು. ಮೂರನೆಯ ಪ್ರಶ್ನೆಗೆ ಮಾತ್ರ ಉದ್ಯೋಗದೊಡನೆ ಯಾವ ಸಂಬಂಧವೂ ಇಲ್ಲ. ಅನ್ಯಾಯವು ಹುಟ್ಟುವುದು ಮೂರನೆಯದರ ಉತ್ತರದಿಂದ ಮೊದಲಿನ ಎರಡನ್ನು ನಿರ್ಣಯಿಸಿದಾಗ.

ಈ ಅನ್ಯಾಯಕ್ಕೆ ಕಾನೂನಿನ ರಕ್ಷಣೆಯುಂಟೇ ಎಂದು ಪೋಷಕರು ಕೇಳುವುದುಂಟು. ನಮ್ಮ ಸಂವಿಧಾನದ ೨೯ನೆಯ ವಿಧಿಯು, ಸರ್ಕಾರದ ಅಥವಾ ಸರ್ಕಾರದ ಸಹಾಯಧನವನ್ನು ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಭಾಷೆಯ ಕಾರಣ ಮಾತ್ರದಿಂದಲೇ ಪ್ರವೇಶವನ್ನು ನಿರಾಕರಿಸಕೂಡದೆಂದು ಸ್ಪಷ್ಟವಾಗಿ ಹೇಳುವುದು. ಆದರೆ ಸರ್ಕಾರಿ ಉದ್ಯೋಗದ ವಿಷಯವಾದ ೧೬ನೆಯ ವಿಧಿಯಲ್ಲಿ ಮತ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಸ್ಥಳ, ವಾಸಸ್ಥಳಗಳನ್ನು ಹೆಸರಿಸಿದೆ. ಭಾಷೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಖಾಸಗಿ ಸಂಸ್ಥೆಗಳಿಗಂತೂ ಆ ವಿಧಿಯು ಅನ್ವಯಿಸುವುದಿಲ್ಲ. ಹೀಗೆ ಶಾಲೆಯ ಬಾಗಿಲಿನಲ್ಲಿರುವ ಕಾವಲು ಉದ್ಯೋಗದ ಬಾಗಿಲಿನಲ್ಲಿಲ್ಲ. ಅಮೆರಿಕೆಯಲ್ಲಿ, ಧಾಟಿಯು ಕೆಲಸಕ್ಕೆ ನಿಜವಾಗಿ ಅಡ್ಡಿಯಾದರೆ ಮಾತ್ರ ಅದನ್ನು ಪರಿಗಣಿಸಬಹುದೆಂಬ ನಿಯಮವುಂಟು. ಆದರೂ ಅಲ್ಲಿಯೂ ಕಷ್ಟವು ತಪ್ಪಿದ್ದಲ್ಲ. ಫಿಲಿಪೀನ್ಸಿನಿಂದ ಬಂದ ಮಾನ್ಯುಯೆಲ್ ಫ್ರಗಾಂಟೆ ಎಂಬವರು ೧೯೮೧ರಲ್ಲಿ ಹೊನೊಲುಲು ನಗರದ ಗುಮಾಸ್ತೆಯ ಕೆಲಸಕ್ಕೆ ಪರೀಕ್ಷೆಯನ್ನು ಬರೆದು ೭೨೧ ಮಂದಿಯಲ್ಲಿ ಮೊದಲನೆಯವರಾದರು. ಚಿಕ್ಕದೊಂದು ಸಂದರ್ಶನದ ಬಳಿಕ ಧಾಟಿಯ ದೆಸೆಯಿಂದ ಕೆಲಸವನ್ನು ಕಳೆದುಕೊಂಡರು. ಸಾರ್ವಜನಿಕರೊಡನೆ ಸದಾ ಮಾತನಾಡುವ ಕೆಲಸವದೆಂಬ ವಾದವು ಗೆದ್ದು, ೧೯೮೯ರಲ್ಲಿ ಮೇಲಿನ ನ್ಯಾಯಾಲಯವೂ ಅವರ ವಿರುದ್ಧವಾಗಿಯೇ ತೀರ್ಪಿತ್ತಿತು.

ಕಾನೂನಿನ ರಕ್ಷಣೆಯು ಅಲ್ಪವಾದರೂ ನಮ್ಮ ದೇಶದಲ್ಲಿ ಕೆಲವು ಬಾಗಿಲುಗಳು ತೆರೆದಿವೆ. ಇವನ್ನು ಮನೆಮನೆಗೂ ತಿಳಿಸಬೇಕು. ಕೇಂದ್ರ ಸರ್ಕಾರವು ೨೦೧೬ರ ಜನವರಿ ೧ರಿಂದ ತನ್ನ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ ೧೩ ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ೨೦೧೯ರಲ್ಲಿ ಸಾರಲಾಯಿತು. ಕೇಂದ್ರದ ಸಶಸ್ತ್ರ ಪೊಲೀಸು ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯನ್ನು ೨೦೨೪ರಿಂದ ಕನ್ನಡದಲ್ಲಿಯೂ ಬರೆಯಬಹುದಾಗಿದೆ. ದೇಶದ ಅತ್ಯುನ್ನತವಾದ ಸಿವಿಲ್ ಸೇವೆಯ ಪರೀಕ್ಷೆಯಲ್ಲಿಯೂ ಮುಖ್ಯ ಪ್ರಶ್ನೆಪತ್ರಿಕೆಗಳಿಗೆ ಕನ್ನಡದಲ್ಲಿ ಉತ್ತರಿಸಿ, ಸಂದರ್ಶನವನ್ನೂ ಕನ್ನಡದಲ್ಲಿಯೇ ಎದುರಿಸಲು ಅವಕಾಶವುಂಟು. ಇಂಗ್ಲಿಷಿನ ಧಾಟಿಗೆ ಅಂಜಿ ಈ ಅರ್ಜಿಗಳನ್ನು ಹಾಕದಿರುವವರು ಎಷ್ಟು ಮಂದಿಯೋ!

ಇನ್ನು ಇಂಗ್ಲಿಷಿನಲ್ಲಿಯೇ ಸಂದರ್ಶನಕ್ಕೆ ಹೋಗತಕ್ಕವರು ಏನು ಮಾಡಬೇಕು? ತಿಂಗಳೊಪ್ಪತ್ತಿನಲ್ಲಿ ಪರದೇಶದ ಧಾಟಿಯನ್ನು ಕಲಿಸಿಕೊಡುವೆವೆಂಬ ಜಾಹೀರಾತುಗಳಿಗೆ ಹಣವನ್ನು ಸುರಿಯಬೇಡಿರಿ. ಎರವಲು ಧಾಟಿಯಲ್ಲಿ ಮಾತನಾಡುವವಳ ಅರ್ಧ ಗಮನವು ನಾಲಗೆಯ ಮೇಲೆಯೇ ನಿಂತು, ಉತ್ತರಕ್ಕೆ ಉಳಿಯುವುದು ಇನ್ನರ್ಧ ಮಾತ್ರ. ಅದಕ್ಕೆ ಬದಲಾಗಿ ಮೊಬೈಲಿನಲ್ಲಿ ನಿಮ್ಮ ಮಾತನ್ನು ಐದು ನಿಮಿಷ ಮುದ್ರಿಸಿ, ನಿಮ್ಮ ಪರಿಚಯವಿಲ್ಲದ ಯಾರಿಗಾದರೂ ಕೊಟ್ಟು, ಕೇಳಿದುದನ್ನು ಕೇಳಿದಂತೆಯೇ ಬರೆಯಹೇಳಿರಿ. ಅವರು ತಪ್ಪಾಗಿ ಬರೆದ ಪದಗಳನ್ನು ಮಾತ್ರ ತಿದ್ದಿಕೊಳ್ಳಿರಿ. ಸರಿಯಾಗಿ ಬರೆದವುಗಳ ಧಾಟಿಯು ಹೇಗಿದ್ದರೂ ಅವು ಸರಿಯೇ. ನಿಮ್ಮ ಕಸುಬಿನಲ್ಲಿ ದಿನವೂ ಬರುವ ಮೂವತ್ತು ನಲವತ್ತು ಪದಗಳಲ್ಲಿ ಬಲವು ಎಲ್ಲಿ ಬೀಳುವುದೆಂಬುದನ್ನು ನಿಘಂಟಿನಲ್ಲಿ ನೋಡಿ ಅಭ್ಯಾಸ ಮಾಡಿರಿ. ಅರ್ಥವನ್ನು ಕೆಡಿಸುವುದರಲ್ಲಿ ಧಾಟಿಗಿಂತಲೂ ಅವಸರದ ಪಾಲು ಹೆಚ್ಚು. ವಾಕ್ಯದ ಕೊನೆಯಲ್ಲಿ ಉಸಿರು ತೆಗೆದುಕೊಳ್ಳಿರಿ.

ಮೊದಲನೆಯ ನಿಮಿಷವನ್ನು ವಿಶೇಷವಾಗಿ ಸಿದ್ಧಪಡಿಸಿಕೊಳ್ಳತಕ್ಕದ್ದು. ಊರು, ಓದು, ಬಲ್ಲ ಕೆಲಸ, ಇಷ್ಟನ್ನು ನಿಧಾನವಾಗಿ ಹೇಳುವಷ್ಟರಲ್ಲಿ ಕೇಳುವವರ ಕಿವಿಯು ನಿಮ್ಮ ಧಾಟಿಗೆ ಒಗ್ಗುವುದು. ಪ್ರಶ್ನೆಯು ತಿಳಿಯದಿದ್ದರೆ ಮತ್ತೊಮ್ಮೆ ಹೇಳಬೇಕೆಂದು ಕೇಳುವುದರಲ್ಲಿ ಅವಮಾನವಿಲ್ಲ. ಯಾರಾದರೂ ನಕ್ಕರೆ, ತಲೆಯನ್ನು ತಗ್ಗಿಸದೆ, ಕೋಪಿಸದೆ, “ನನ್ನ ಮಾತು ತಿಳಿಯದಿದ್ದರೆ ಇನ್ನೊಮ್ಮೆ ಹೇಳುವೆನು, ದಯವಿಟ್ಟು ಕೆಲಸದ ವಿಷಯವನ್ನು ಕೇಳಿರಿ” ಎಂದು ವಿನಯದಿಂದ ಹೇಳಿರಿ. ಈ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋದರೆ ಸಮಯಕ್ಕೆ ಒದಗುವುದು.

ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆ. ಮಗಳು ಸೋತು ಬಂದ ದಿನ ನೆರೆಮನೆಯ ಇಂಗ್ಲಿಷ್ ಶಾಲೆಯ ಹುಡುಗಿಯೊಡನೆ ಅವಳನ್ನು ಹೋಲಿಸಬೇಡಿರಿ. ಹೊರಗೆ ನಕ್ಕವರ ನಗೆಯನ್ನು ಅವಳು ಮರೆಯಬಹುದು. ಮನೆಯೊಳಗಿನ ನಿಟ್ಟುಸಿರನ್ನು ಮರೆಯಲಾರಳು.

ಕಡೆಯದಾಗಿ, ಮೇಜಿನ ಆಚೆಯ ಬದಿಯಲ್ಲಿ ಕುಳಿತವರಿಗೆ ಒಂದು ಮಾತು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಇಂದು ಮುಖ್ಯೋಪಾಧ್ಯಾಯಿನಿಯರಾಗಿಯೂ ದಾದಿಯರ ಮೇಲ್ವಿಚಾರಕಿಯರಾಗಿಯೂ ಕಚೇರಿಗಳ ಅಧಿಕಾರಿಗಳಾಗಿಯೂ ಇರುವರು. ಪ್ರಶ್ನೆ ಕೇಳುವ ಭಾಗ್ಯವು ಅವರದು. ಕಲಬುರಗಿಯವಳ ಕನ್ನಡವನ್ನು ಕೇಳಿ, ಮಂಗಳೂರಿನ ತುಳು ಮನೆಮಾತಿನವಳ ಕನ್ನಡವನ್ನು ಕೇಳಿ, ಕೇರಳದಿಂದ ಬಂದ ದಾದಿಯ ಕನ್ನಡವನ್ನು ಕೇಳಿ ನಾವು ನಕ್ಕಿಲ್ಲವೇ? ಈ ಲೇಖಕಿಯೂ ಒಮ್ಮೆ ಉಪಾಧ್ಯಾಯಿನಿಯೊಬ್ಬಳ ಆಯ್ಕೆಯಲ್ಲಿ ಉತ್ತರ ಕರ್ನಾಟಕದವಳ ಪಾಠವನ್ನು ಬಿಟ್ಟು ಅವಳ ಧಾಟಿಯನ್ನೇ ಆಲಿಸಿದ್ದುಂಟು. ಬಳಿಕ ಕಾಗದವನ್ನು ನೋಡಿದಾಗ ಪಾಠದ ವಿಷಯವಾಗಿ ಒಂದು ಸಾಲನ್ನೂ ಬರೆದುಕೊಂಡಿರಲಿಲ್ಲ. ಆ ನಾಚಿಕೆಯು ಇನ್ನೂ ಹೋಗಿಲ್ಲ. ಜರ್ಮನಿಯಿಂದ ಬಂದ ಕಿಟ್ಟೆಲ್ ಅವರು ೧೮೯೪ರಲ್ಲಿ ಪ್ರಕಟಿಸಿದ ನಿಘಂಟನ್ನು ನಾವು ಇಂದಿಗೂ ತೆರೆದು ನೋಡುತ್ತೇವೆ. ಅವರ ಕನ್ನಡದ ಧಾಟಿಯು ಹೇಗಿತ್ತೆಂದು ಯಾರೂ ಕೇಳುವುದಿಲ್ಲ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಇಬ್ಬರೂ ಕನ್ನಡಕ್ಕೆ ಜ್ಞಾನಪೀಠವನ್ನು ತಂದರು. ಆದುದರಿಂದ ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿರಿ. ಮಾಡಬಲ್ಲ ಕೆಲಸವನ್ನು ಮಾಡಿಸಿ ನೋಡಿರಿ. ಜ್ಞಾನಕ್ಕೂ ಸ್ಪಷ್ಟತೆಗೂ ಬೇರೆ ಬೇರೆ ಅಂಕಗಳನ್ನಿಟ್ಟು, ಧಾಟಿಗೆ ಅಂಕವನ್ನೇ ಇಡಬೇಡಿರಿ.

ಬೇಲೂರಿನ ಚೆನ್ನಕೇಶವ ದೇವಾಲಯವು ೧೧೧೭ರಲ್ಲಿ ಪ್ರತಿಷ್ಠೆಯಾಯಿತು. ಅಲ್ಲಿ ಕೆಲಸ ಮಾಡಿದ ದಾಸೋಜನೂ ಅವನ ಮಗ ಚಾವಣನೂ ಈ ಊರಿನವರಲ್ಲ. ದೂರದ ಬಳ್ಳಿಗಾವೆಯಿಂದ ಬಂದವರು. ತಾವು ಕಡೆದ ವಿಗ್ರಹಗಳ ಅಡಿಯಲ್ಲಿ ಅವರು ತಮ್ಮ ಹೆಸರನ್ನು ಬರೆದಿರುವರು. ಆ ಕಲ್ಲುಗಳಲ್ಲಿ ಅವರ ಕೈಯ ಕುಶಲತೆಯು ಉಳಿದಿದೆ.

ಆ ಹುಡುಗಿಯು ಮತ್ತೆ ಬೆಂಗಳೂರಿನ ಗಾಡಿಯನ್ನು ಹತ್ತಿದಳು. ಎರಡನೆಯ ಸಲವೂ ಕೆಲಸವಾಗಲಿಲ್ಲ. ಮೂರನೆಯ ಸಲ, ಲೆಕ್ಕವನ್ನು ಮೊದಲು ನೋಡಿ ಬಳಿಕ ಮಾತನ್ನು ಕೇಳಿದ ಒಂದು ಕಚೇರಿಯಲ್ಲಿ ಅವಳಿಗೆ ಸ್ಥಾನವು ದೊರಕಿತು. ಅವಳು ಇಂದಿಗೂ ಮನೆಗೆ ಬಂದರೆ ‘ಇಸ್ಕೂಲು’ ಎನ್ನುವಳು. ಅವಳ ಲೆಕ್ಕದಲ್ಲಿ ಮಾತ್ರ ಒಂದು ಪೈಸೆಯೂ ವ್ಯತ್ಯಾಸವಾಗುವುದಿಲ್ಲ. ಅವಳ ತಂದೆಗೆ ಅಂದು ಹೇಳಲಾಗದಿದ್ದ ಉತ್ತರವನ್ನು ಇಂದು ಹೇಳುವೆನು: ಇಲ್ಲ ಯಜಮಾನರೇ, ನೀವು ತಪ್ಪು ಮಾಡಲಿಲ್ಲ. ನೀವು ಅವಳಿಗೆ ಎಣಿಸಲೂ ವಿಚಾರಮಾಡಲೂ ತನ್ನ ಭಾಷೆಯಲ್ಲಿ ಕಲಿಸಿದಿರಿ. ಇಂಗ್ಲಿಷನ್ನು ಅವಳು ಕಲಿತಿದ್ದಾಳೆ, ಇನ್ನೂ ಕಲಿಯುವಳು. ಕಲಿಯಬೇಕಾದ ಮತ್ತೊಂದು ಪಾಠವಿದೆ; ಅದು ಅವಳದಲ್ಲ, ಅವಳ ಮಾತನ್ನು ಕೇಳತಕ್ಕವರದು.